ಕೌದಿ ಹೊಲಿಯುವವರಿಗೆ ಎಂಥ ಇಸ್ತ್ರಿ ಪೆಟ್ಟಿಗೆ ಬೇಕು?

"ಕೌದಿಗ್ಯಾಕವಾ ಇಸ್ತ್ರಿ?"

ನಾನು ಮೊದಲ ಸಲ ಬಟ್ಟೆಯ ತುಂಡುಗಳನ್ನು ಚೌಕ ಚೌಕವಾಗಿ ಕತ್ತರಿಸಿ, ಒಂದೊಂದಕ್ಕೂ ಇಸ್ತ್ರಿ ಹಾಕುತ್ತ ಕೂತಾಗ ನಮ್ಮತ್ತೆ ಕೇಳಿದ್ದು ಇದು. ಅವರು ಧಾರವಾಡದ ಕಡೆಯವರು. ಕೌದಿ ಅಂದರೆ ಅವರಿಗೆ ಹಳೇ ಸೀರೆ, ಹಳೇ ಧೋತರ, ದಪ್ಪ ದಾರ, ಒಂದು ಸೂಜಿ. ಅಂಚನ್ನು ಹೆಬ್ಬೆರಳ ಉಗುರಿನಿಂದ ತೀಡಿ ಒಳಗೆ ಮಡಚುತ್ತಾರೆ, ಮೇಲೆ ಸಾಲುಸಾಲಾಗಿ ಕೈಹೊಲಿಗೆ ಹಾಕುತ್ತಾರೆ. ಮುಗಿಯಿತು. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರ ಕವಂದಿಯೂ ಹಾಗೇ. ಒಂದು ಮೂಲೆಯಿಂದ ಶುರುಮಾಡಿ ಅಂಚಿನಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಅಲ್ಲೆಲ್ಲ ಉಗುರೇ ಇಸ್ತ್ರಿ. ಅಲ್ಲಿ ಇಲ್ಲಿ ಒಂದು ಸುಕ್ಕು ಉಳಿದರೆ ಅದೂ ಚೆಂದವೇ.

ಆದರೆ ಮಷೀನಿನಲ್ಲಿ ಚೌಕ, ತ್ರಿಕೋನ ಜೋಡಿಸಿ ಹೊಲಿಯುವ ಕೌದಿಯ ಕತೆ ಬೇರೆ. ಅದು ಲೆಕ್ಕದ ಕೆಲಸ. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಒಂದೂವರೆ ಇಂಚು ಅಗಲದ 3 ಪಟ್ಟಿ ಕತ್ತರಿಸಿ. ಕಾಲಿಂಚು ಬಿಟ್ಟು ಪಕ್ಕಪಕ್ಕ ಹೊಲಿಯಿರಿ. ಇಸ್ತ್ರಿ ಮಾಡಿದ ಮೇಲೆ ಒಟ್ಟು ಅಗಲ ಸರಿಯಾಗಿ ಮೂರೂವರೆ ಇಂಚು ಬರಬೇಕು, ನಡುವಿನ ಪಟ್ಟಿ ಒಂದಿಂಚು ಕಾಣಬೇಕು. ಹೊಲಿಗೆ ನೆಟ್ಟಗಿದ್ದರೂ ಕಮ್ಮಿ ಬಂತು ಅಂದರೆ ಹೊಲಿಗೆಯ ಪಕ್ಕ ಬಟ್ಟೆ ಪೂರ್ತಿ ಬಿಚ್ಚಿಕೊಂಡಿಲ್ಲ, ಒಂದು ಸಣ್ಣ ಮಡಿಕೆ ಉಳಿದಿದೆ. ಒಂದೊಂದು ಹೊಲಿಗೆಯಲ್ಲಿ ಇಂಚಿನ ಹದಿನಾರನೇ ಒಂದು ಭಾಗ ಹೋದರೂ 12 ಹೊಲಿಗೆಗೆ ಮುಕ್ಕಾಲು ಇಂಚು ಹೋಯಿತು. ಆಮೇಲೆ ಸಾಲಿಗೆ ಸಾಲು ಕೂಡುವುದಿಲ್ಲ. ನಾವು ಮಷೀನನ್ನು ಬೈಯುತ್ತೇವೆ, ತಪ್ಪು ಇಸ್ತ್ರಿಯದು.

ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಅಂಗಡಿಯಲ್ಲಿರುವ ಬಹಳ ಸಾದಾ ಪೆಟ್ಟಿಗೆಯೇ ಸಾಕು. ತೂಕ ಇರಬೇಕು, ತಳ ನುಣ್ಣಗಿರಬೇಕು, ಬಿಸಿ ಏರುಪೇರಾಗಬಾರದು. ಉಳಿದದ್ದೆಲ್ಲ ಬೇಕಾದರೆ ಇರಲಿ. ಎರಡು ಆವಿ ಪೆಟ್ಟಿಗೆಗಳಿಗೆ ದುಡ್ಡು ಸುರಿದ ಮೇಲೆ ನನಗೆ ಬಂದ ಬುದ್ಧಿ ಇದು.

ಒಣ ಪೆಟ್ಟಿಗೆಯೋ, ಆವಿಯದೋ?

ಎರಡನೇ ಪೆಟ್ಟಿಗೆಯ ಕತೆ ಹೇಳಬೇಕು. ಬಿಳಿ ಮತ್ತು ನೀಲಿ ಚೌಕಗಳ ಒಂದು ಮಗುವಿನ ಕೌದಿ ಹೊಲಿಯುತ್ತಿದ್ದೆ. ಕೊನೇ ಸಾಲು. ಆವಿಯ ಗುಂಡಿ ಒತ್ತಿದೆ. ತಳದ ತೂತಿನಿಂದ ಆವಿಯ ಬದಲು ಚಹಾ ಬಣ್ಣದ ನೀರು ಪಿಚಕ್ ಅಂತ ಹಾರಿ ಬಿಳಿ ಚೌಕದ ಮೇಲೆ ನಾಣ್ಯದಷ್ಟು ಅಗಲದ ಕಲೆ ಆಯಿತು. ನಮ್ಮದು ಬೋರ್‌ವೆಲ್ ನೀರು. ಒಳಗೆ ಕಟ್ಟಿದ್ದ ಸುಣ್ಣ, ಗಂಜಿಯ ಕರಕು ಎಲ್ಲ ಸೇರಿ ಹೊರಗೆ ಬಂದಿತ್ತು. ಆ ಚೌಕ ಬಿಚ್ಚಿ ಬೇರೆ ಹಾಕಲು ಒಂದು ಇಡೀ ಮಧ್ಯಾಹ್ನ ಹೋಯಿತು.

ಕಲೆ ಒಂದೇ ತೊಂದರೆಯಲ್ಲ. ಆವಿ ಬಟ್ಟೆಯನ್ನು ಮೆತ್ತಗೆ ಮಾಡುತ್ತದೆ. ಮೆತ್ತಗಾದ ಬಟ್ಟೆ ಎಳೆದ ಕಡೆ ಹೋಗುತ್ತದೆ. ಬ್ಲೌಸ್ ಹೊಲಿಯುವವರಿಗೆ ಗೊತ್ತು, ಕ್ರಾಸ್ ಕಟ್ ಮಾಡಿದ, ಅಂದರೆ ನೂಲಿಗೆ ಓರೆಯಾಗಿ ಕತ್ತರಿಸಿದ ಬಟ್ಟೆ ಎಷ್ಟು ಹಿಗ್ಗುತ್ತದೆ ಅಂತ. ತ್ರಿಕೋನದ ಓರೆ ಅಂಚು ಪೂರ್ತಿ ಕ್ರಾಸೇ. ಆವಿ ಬಿಟ್ಟು ಪೆಟ್ಟಿಗೆ ಎಳೆದಿರೋ, ಚೌಕ ಹೋಗಿ ಗಾಳಿಪಟ ಆಗುತ್ತದೆ. ಜೊತೆಗೆ, ತಳದ ತೂತುಗಳಿರುವ ಜಾಗದಲ್ಲಿ ಲೋಹ ಬಟ್ಟೆಗೆ ತಾಗುವುದಿಲ್ಲ. ಸಣ್ಣ ತುಂಡುಗಳ ಮೇಲೆ ತೂತಿನ ಅಚ್ಚು ಕಾಣುವುದೂ ಉಂಟು.

ಹಾಗಂತ ಆವಿ ಪೆಟ್ಟಿಗೆ ಕೆಟ್ಟದ್ದೇನಲ್ಲ. ಜೀನ್ಸ್ ತುಂಡುಗಳ ಕೌದಿಗೆ, ಆರೆಂಟು ಪದರ ಸೇರುವ ಮೂಲೆಗೆ ಅದರಷ್ಟು ಅನುಕೂಲ ಯಾವುದೂ ಇಲ್ಲ. ಮನೆಯಲ್ಲಿ ಆಗಲೇ ಒಂದಿದ್ದರೆ ಹೊಸದು ಕೊಳ್ಳಲೇಬೇಡಿ. ಆವಿಯ ತಿರುಗಣೆ ಮುಚ್ಚಿ, ನೀರು ಹಾಕದೆ, ಒಣ ಪೆಟ್ಟಿಗೆಯ ಹಾಗೇ ಬಳಸಿ. ನೀರು ಬೇಕಾದಲ್ಲಿ ಸ್ಪ್ರೇ ಬಾಟಲಿ ಇದೆಯಲ್ಲ. ಬಾಟಲಿ ಸುಣ್ಣ ಕಟ್ಟುವುದಿಲ್ಲ. ಕಟ್ಟಿದರೂ ಎಸೆದು ಇನ್ನೊಂದು ತರಬಹುದು.

ಅಂಗಡಿಯಲ್ಲಿ ನಿಂತಾಗ

ಮೊದಲು ಕೈಯಲ್ಲಿ ಎತ್ತಿ ನೋಡಿ. ಹಗುರ ಪೆಟ್ಟಿಗೆಗಳು ಒಂದು ಕಿಲೋ ಆಸುಪಾಸು ಇರುತ್ತವೆ, ಭಾರದವು ಎರಡು ಕಿಲೋ ಹತ್ತಿರ. ಕೌದಿಯ ಕೆಲಸಕ್ಕೆ ಭಾರದ್ದೇ ಒಳ್ಳೆಯದು. ಯಾಕೆಂದರೆ ಇಲ್ಲಿ ನಾವು ಪೆಟ್ಟಿಗೆಯನ್ನು ತಳ್ಳುವುದಿಲ್ಲ, ಇಡುತ್ತೇವೆ. ಒತ್ತುವ ಕೆಲಸ ತೂಕವೇ ಮಾಡಬೇಕು. ಆದರೆ ಒಂದು ಕೌದಿಗೆ ನೂರಾರು ಸಲ ಎತ್ತಿ ಇಡುತ್ತೀರಿ. ಮಣಿಕಟ್ಟು ನೋವಿರುವವರು, ಭುಜ ಹಿಡಿದುಕೊಂಡಿರುವವರು ಒಂದೂಕಾಲು ಕಿಲೋದಲ್ಲೇ ನಿಲ್ಲಿ. ಅಂಗಡಿಯವನ ಎದುರೇ ಹತ್ತು ಸಲ ಎತ್ತಿ ಇಟ್ಟು ನೋಡಿ. ನಗುತ್ತಾನೆ, ನಗಲಿ.

ಆಮೇಲೆ ತಳ. ಕೈಯಲ್ಲಿ ಒಂದು ಸ್ಟೀಲ್ ಸ್ಕೇಲ್ ಇಟ್ಟುಕೊಂಡು ಹೋಗಿ. ತಳದ ಮೇಲೆ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಇಟ್ಟು, ಕೆಳಗಿಂದ ಬೆಳಕು ಹಾಯುತ್ತದಾ ನೋಡಿ. ಡೊಂಕಿದ್ದರೆ ಮುಂದಿನದು ತೋರಿಸು ಅನ್ನಿ. ಅಂಚಿನಲ್ಲಿ ಬೆರಳಾಡಿಸಿ, ಚುಚ್ಚುವ ಗೀರು ಇರಬಾರದು. ತುದಿ ಚೂಪಾಗಿರಬೇಕು, ಹೊಲಿಗೆ ಬಿಡಿಸುವುದು ಆ ತುದಿಯೇ. ಕರೀ ನಾನ್‌ಸ್ಟಿಕ್ ತಳ ಜಾರುತ್ತದೆ, ಗಂಜಿ ಹಿಡಿಯುವುದೂ ಕಮ್ಮಿ. ಆದರೆ ಗುಂಡುಪಿನ್ನು, ಜಿಪ್ಪು ತಾಗಿದರೆ ಗೀರು ಬೀಳುತ್ತದೆ, ಬಿದ್ದ ಗೀರು ಹೋಗುವುದಿಲ್ಲ. ಬರೀ ಲೋಹದ ತಳ ಬೇಗ ಕೊಳೆಯಾಗುತ್ತದೆ, ಉಜ್ಜಿದರೆ ಮತ್ತೆ ಹೊಸದಾಗುತ್ತದೆ. ನನಗೆ ಎರಡನೆಯದೇ ಇಷ್ಟ.

ಐಎಸ್‌ಐ ಗುರುತು ಇಲ್ಲದ ಪೆಟ್ಟಿಗೆ ಯಾವ ಬೆಲೆಗೂ ಬೇಡ. ನಮ್ಮಲ್ಲಿ ಇಸ್ತ್ರಿ ಪೆಟ್ಟಿಗೆಗೆ ಆ ಗುರುತು ಕಡ್ಡಾಯ. ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ. ಅದನ್ನು ಬಿಐಎಸ್ ಕೇರ್ ಅನ್ನುವ ಆ್ಯಪಿನಲ್ಲಿ ಹಾಕಿದರೆ ಯಾವ ಕಂಪನಿಗೆ ಕೊಟ್ಟದ್ದು ಅಂತ ಬರುತ್ತದೆ. ಅಲ್ಲಿಯ ಹೆಸರೂ ಡಬ್ಬಿಯ ಮೇಲಿನ ಹೆಸರೂ ಹೊಂದಬೇಕು. ಎರಡು ನಿಮಿಷದ ಕೆಲಸ.

ವೈರು ಬಟ್ಟೆ ಹೆಣೆದದ್ದಾಗಿರಲಿ, ಪ್ಲಾಸ್ಟಿಕ್ಕಿನದಕ್ಕಿಂತ ಬಿಸಿ ತಡೆಯುತ್ತದೆ. ಎರಡು ಮೀಟರ್ ಇದ್ದರೆ ಸಾಕು.

ಇನ್ನು 'ಆಟೋ ಆಫ್'. ಮರೆತರೆ ತಾನೇ ಆರುವ ಸೌಲಭ್ಯ. ಬಹಳಷ್ಟು ಪೆಟ್ಟಿಗೆಗಳಲ್ಲಿ ಮಲಗಿಸಿಟ್ಟರೆ ಅರ್ಧ ನಿಮಿಷಕ್ಕೆ, ನಿಲ್ಲಿಸಿಟ್ಟರೆ ಎಂಟು ನಿಮಿಷದ ಆಸುಪಾಸು ಆರಿಹೋಗುತ್ತದೆ. ನಾವು ಹತ್ತು ನಿಮಿಷ ಹೊಲಿದು ಎದ್ದು ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ. ಸಿಟ್ಟು ಬರುತ್ತದೆ, ನಿಜ. ಆದರೂ ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ, ಅಥವಾ ಹಾಲು ಒಲೆ ಮೇಲಿಟ್ಟು ಮರೆಯುವ ಜಾತಿ ನಿಮ್ಮದಾಗಿದ್ದರೆ, ಆ ಸಿಟ್ಟು ನುಂಗಿಕೊಂಡು ಆಟೋ ಆಫ್ ಇರುವುದನ್ನೇ ತನ್ನಿ. ನಾನು ಆ ಸೌಲಭ್ಯ ಇಲ್ಲದ್ದು ಬಳಸುತ್ತೇನೆ. ಅದಕ್ಕೇ ಸ್ವಿಚ್ಚಿನ ಪಕ್ಕ ಒಂದು ಕೆಂಪು ರಿಬ್ಬನ್ ನೇತುಹಾಕಿದ್ದೇನೆ. ಸ್ವಿಚ್ ಹಾಕಿದಾಗ ರಿಬ್ಬನ್ ನನ್ನ ಕೊರಳಿಗೆ ಬರುತ್ತದೆ, ಆರಿಸಿದ ಮೇಲೆ ಮೊಳೆಗೆ ಹೋಗುತ್ತದೆ. ಕೊರಳಲ್ಲಿ ರಿಬ್ಬನ್ ಇದ್ದರೆ ಅಡುಗೆಮನೆಗೆ ಹೋಗುವ ಹಾಗಿಲ್ಲ.

ವ್ಯಾಟು, ಪ್ಲಗ್ಗು, ಕರೆಂಟು

1000 ವ್ಯಾಟಿನ ಪೆಟ್ಟಿಗೆ 230 ವೋಲ್ಟಿನಲ್ಲಿ ನಾಲ್ಕೂಕಾಲು ಆಂಪಿಯರಿನಷ್ಟು ಎಳೆಯುತ್ತದೆ. ಸಣ್ಣ ಪ್ಲಗ್ಗಿಗೆ, ಅಂದರೆ 6 ಆಂಪಿಯರಿನದಕ್ಕೆ, ಇದು ಸರಿ. 2000 ವ್ಯಾಟಿನದು 9 ಆಂಪಿಯರಿನ ಹತ್ತಿರ ಹೋಗುತ್ತದೆ. ಅದಕ್ಕೆ ಗೀಸರಿಗೆ ಹಾಕಿಸುವಂಥ 16 ಆಂಪಿಯರಿನ ದಪ್ಪ ಪ್ಲಗ್ಗೇ ಬೇಕು. ಪಿನ್ನು ಬದಲಿಸುವ ಅಡಾಪ್ಟರ್ ಸಿಕ್ಕಿಸಿ ಸಣ್ಣ ಪ್ಲಗ್ಗಿಗೆ ಹಾಕುವವರನ್ನು ನೋಡಿದ್ದೇನೆ. ಪ್ಲಗ್ಗು ಕಂದುಗಟ್ಟಿ, ಒಂದು ದಿನ ಕರಗುತ್ತದೆ. ಮೊಬೈಲ್ ಚಾರ್ಜಿಂಗಿಗೆ ತಂದ ತೆಳು ಎಕ್ಸ್‌ಟೆನ್ಷನ್ ಬೋರ್ಡಿಗೂ ಹಾಕಬೇಡಿ. ಮನೆಯ ಇನ್ವರ್ಟರಂತೂ ಲೆಕ್ಕಕ್ಕೇ ಇಲ್ಲ.

ಊರುಕಡೆ ಸಂಜೆ ವೋಲ್ಟೇಜ್ ಇಳಿಯುತ್ತದಲ್ಲ, ಆಗ ಪೆಟ್ಟಿಗೆ ಕೆಟ್ಟಿತು ಅಂದುಕೊಳ್ಳಬೇಡಿ. 230 ವೋಲ್ಟ್ ಇರಬೇಕಾದಲ್ಲಿ 180 ಬಂದರೆ 1000 ವ್ಯಾಟಿನ ಪೆಟ್ಟಿಗೆ 600 ವ್ಯಾಟಿನಷ್ಟೇ ಕೆಲಸ ಮಾಡುತ್ತದೆ. ಕಾಯುವುದು ನಿಧಾನ, ಅಷ್ಟೇ. ಬೆಳಿಗ್ಗೆ ಮಾಡಿ.

ಮನೆಗೆ ತಂದ ದಿನ

ಮೊದಲ ಸಲ ಕಾಯುವಾಗ ಸ್ವಲ್ಪ ಹೊಗೆ, ವಾಸನೆ ಬರುತ್ತದೆ. ಕಿಟಕಿ ತೆಗೆದಿಡಿ, ಹಳೇ ಬಟ್ಟೆಯ ಮೇಲೆ ಐದು ನಿಮಿಷ ಓಡಾಡಿಸಿ. ಹೊಸ ತಳದಲ್ಲಿ ಎಣ್ಣೆಯ ಪಸೆ ಇದ್ದರೆ ಅಲ್ಲೇ ಹೋಗಲಿ.

ಆಮೇಲೆ ಬಿಸಿ ಎಲ್ಲ ಕಡೆ ಒಂದೇ ಇದೆಯಾ ನೋಡಬೇಕು. ಒಂದು ದೊಡ್ಡ ಹತ್ತಿ ಕರ್ಚೀಫನ್ನು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಹಾಸಿ. ಪೆಟ್ಟಿಗೆಯ ದೀಪ ಆರಿದ ತಕ್ಷಣ ಅದರ ಮೇಲೆ ಇಟ್ಟು ನಾಲ್ಕು ಎಣಿಸಿ ಎತ್ತಿ. ಒಣಗಿದ ಗುರುತು ಪೆಟ್ಟಿಗೆಯ ಆಕಾರದಲ್ಲೇ, ತುದಿಯಿಂದ ಹಿಂಬದಿಯವರೆಗೆ ಒಂದೇ ಸಮ ಇದ್ದರೆ ಒಳ್ಳೆ ಪೆಟ್ಟಿಗೆ. ನಡುವೆ ಒಣಗಿ ತುದಿ ಹಸಿಯೇ ಉಳಿದರೆ ಅಂಗಡಿಗೆ ವಾಪಸ್ ಕೊಡಿ. ಬಿಲ್ಲು ಎಸೆಯದೆ ಇಟ್ಟುಕೊಳ್ಳುವುದು ಇದಕ್ಕೇ.

ಡಯಲಿನ ಚುಕ್ಕೆಗಳ ಅರ್ಥ ಇಷ್ಟು: ಒಂದು ಚುಕ್ಕೆ 110 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಎರಡು 150, ಮೂರು 200. ಒಳಗೆ ಎರಡು ಲೋಹ ಬೆಸೆದ ಒಂದು ಪಟ್ಟಿ ಇರುತ್ತದೆ. ಬಿಸಿಗೆ ಅದು ಬಾಗಿ ಕರೆಂಟ್ ಕಡಿಯುತ್ತದೆ, ತಣಿದಾಗ ಮತ್ತೆ ಕೂಡಿಸುತ್ತದೆ. ಟಿಕ್ ಅನ್ನುವ ಸದ್ದು ಅದರದೇ. ಆ ಟಿಕ್ ಕೇಳಿಸುತ್ತಿದ್ದರೆ ಪೆಟ್ಟಿಗೆಯ ಆರೋಗ್ಯ ಚೆನ್ನಾಗಿದೆ ಅಂತ ತಿಳಿಯಿರಿ.

ನಮ್ಮ ಕೌದಿಗಳಲ್ಲಿ ಒಂದು ತೊಡಕಿದೆ. ಹಳೇ ಸೀರೆಯ ತುಂಡುಗಳು ಯಾವ ನೂಲಿನವು ಅಂತ ಯಾರಿಗೆ ಗೊತ್ತು? ಇಳಕಲ್ ಸೀರೆಯ ಮೈ ಹತ್ತಿಯದಾದರೂ ಸೆರಗು, ಅಂಚು ಆರ್ಟ್ ಸಿಲ್ಕಿನದಿರಬಹುದು, ಅಂದರೆ ರೇಯಾನ್ ಅನ್ನುವ ಕೃತಕ ರೇಷ್ಮೆಯದು. ಒಂದೇ ತುಂಡಿನಲ್ಲಿ ಎರಡು ಹದ. ಅನುಮಾನ ಬಂದರೆ ಒಂದು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ ಅಥವಾ ಆರ್ಟ್ ಸಿಲ್ಕ್. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಮುದುಡಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಬೆರಕೆ ಇದ್ದಲ್ಲಿ ಯಾವುದಕ್ಕೆ ಕಮ್ಮಿ ಬಿಸಿ ಬೇಕೋ ಅದಕ್ಕೇ ಡಯಲ್ ತಿರುಗಿಸಿ.

ಕೆಳಗೆ ಕಂಬಳಿ ಹಾಸಿ

ಪೆಟ್ಟಿಗೆಯಷ್ಟೇ ಮುಖ್ಯ ಅದರ ಕೆಳಗಿನ ಹಾಸು. ಮಡಚುವ ಇಸ್ತ್ರಿ ಟೇಬಲ್ಲುಗಳ ಮೇಲೆ ಸ್ಪಂಜು ಇರುತ್ತದೆ. ಅಂಗಿಗೆ ಅದು ಸರಿ. ಚೌಕಗಳಿಗೆ ಅಲ್ಲ, ತೂಕ ಬಿದ್ದಲ್ಲಿ ಕುಸಿದು ಬಟ್ಟೆ ಎಳೆಯುತ್ತದೆ. ಸನ್‌ಮೈಕಾ ಮೇಜಿನ ಮೇಲೆ ನೇರ ಮಾಡಿದರೆ ಮೇಜು ಗುಳ್ಳೆ ಏಳುತ್ತದೆ.

ಹೊರದೇಶದ ಕೌದಿಯವರು ಉಣ್ಣೆಯ ಮ್ಯಾಟ್ ಅಂತ ತರಿಸಿಕೊಳ್ಳುತ್ತಾರೆ. ಇಲ್ಲಿ ಆನ್‌ಲೈನಿನಲ್ಲಿ ಅದರ ಬೆಲೆ ನೋಡಿ ನಾನು ನಕ್ಕೆ. ನಮ್ಮಲ್ಲಿ ಕಂಬಳಿ ಇಲ್ವಾ? ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಒರಟು ಕಂಬಳಿ ಒಂದನ್ನು ನಾಲ್ಕು ಪದರ ಮಡಚಿದರೆ ಅದೇ ಮ್ಯಾಟು. ಉಣ್ಣೆ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಬಟ್ಟೆಗೆ ಮೇಲಿಂದಲೂ ಕೆಳಗಿಂದಲೂ ಶಾಖ. ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯದು, ಹೊಲಿಗೆಯ ಉಬ್ಬು ಕಂಬಳಿಯೊಳಗೆ ಇಳಿಯುತ್ತದೆ, ಬಟ್ಟೆಯ ಮೇಲ್ಮೈಗೆ ಅದರ ಅಚ್ಚು ಬೀಳುವುದಿಲ್ಲ.

ಹೊಸ ಕಂಬಳಿಯನ್ನು ಹಾಗೇ ಹಾಸಬೇಡಿ. ನೇಯುವಾಗ ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ. ಅದರ ಮೇಲೆ ಬಿಸಿ ಪೆಟ್ಟಿಗೆ ಇಟ್ಟರೆ ಅಂಟು ಮೇಲೆ ಬರುತ್ತದೆ. ತಣ್ಣೀರಿನಲ್ಲಿ ಎರಡು ಮೂರು ಸಲ ನೆನೆಸಿ ತೊಳೆದು ನೆರಳಲ್ಲಿ ಒಣಗಿಸಿ. ಒಂದು ಪ್ಲೈವುಡ್ ಹಲಗೆ, ಅದರ ಮೇಲೆ ಕಂಬಳಿ, ಅದರ ಮೇಲೆ ಬಿಳೀ ಹತ್ತಿ ಪಂಚೆ ಬಿಗಿಯಾಗಿ ಎಳೆದು ಹಿಂಬದಿಗೆ ಕಟ್ಟಿ. ಒದ್ದೆ ತಾಗಿದಾಗ ಸ್ವಲ್ಪ ಕುರಿ ವಾಸನೆ ಬರುತ್ತದೆ. ನಮ್ಮನೆ ಬೆಕ್ಕಿಗೆ ಅದು ಬಹಳ ಇಷ್ಟ.

ಒತ್ತುವ ಕ್ರಮ

ಹೊಲಿದು ತಂದ ಜೋಡಿಯನ್ನು ಬಿಚ್ಚಬೇಡಿ. ಮಡಚಿದ್ದ ಹಾಗೇ ಇಟ್ಟು ಹೊಲಿಗೆಯ ಮೇಲೆ ಪೆಟ್ಟಿಗೆ ಇಡಿ, ಎರಡು ಎಣಿಸಿ, ಎತ್ತಿ. ದಾರ ಬಟ್ಟೆಯೊಳಗೆ ಕೂರುತ್ತದೆ.

ಈಗ ಗಾಢ ಬಣ್ಣದ ಬಟ್ಟೆ ಮೇಲೆ ಬರುವ ಹಾಗೆ ತಿರುಗಿಸಿ. ಮೇಲಿನದನ್ನು ಬೆರಳಿಂದ ಬಿಡಿಸಿ. ಪೆಟ್ಟಿಗೆಯ ತುದಿಯನ್ನು ಹೊಲಿಗೆಯ ಗೆರೆಗೆ ತಾಗಿಸಿ ಇಡಿ. ಎತ್ತಿ. ಪಕ್ಕದಲ್ಲಿ ಇಡಿ. ಮತ್ತೆ ಎತ್ತಿ. ಅಂಗಿಗೆ ಮಾಡುವ ಹಾಗೆ ಸರ್ ಅಂತ ಎಳೆಯುವ ಅಭ್ಯಾಸ ಬಿಡಲು ನನಗೆ ಎರಡು ಕೌದಿ ಹಿಡಿಯಿತು. ಹೀಗೆ ಮಾಡಿದರೆ ಹೊಲಿಗೆಯಂಚು ತಾನಾಗಿಯೇ ಗಾಢ ಬಣ್ಣದ ಅಡಿಗೆ ಹೋಗುತ್ತದೆ, ತಿಳಿ ಬಟ್ಟೆಯ ಕೆಳಗೆ ನೆರಳು ಕಾಣುವುದಿಲ್ಲ. ಸಾಲುಗಳನ್ನು ಜೋಡಿಸುವಾಗ ಒಂದು ಸಾಲಿನ ಅಂಚುಗಳು ಎಡಕ್ಕೆ, ಕೆಳಗಿನ ಸಾಲಿನವು ಬಲಕ್ಕೆ ಇರಲಿ. ಎರಡು ಉಬ್ಬುಗಳು ಒಂದಕ್ಕೊಂದು ಆತುಕೊಂಡು ಮೂಲೆಗಳು ಕಚ್ಚಿಕೊಳ್ಳುತ್ತವೆ. ಬೆರಳಿಗೆ ಅದು ಗೊತ್ತಾಗುತ್ತದೆ.

ದಪ್ಪ ಜಾಗಕ್ಕೆ ಒಂದು ಹನಿ ನೀರು ಸಿಂಪಡಿಸಿ, ಒತ್ತಿ, ಪೆಟ್ಟಿಗೆ ತೆಗೆದ ಕೂಡಲೇ ಚಪಾತಿ ಮಣೆ ಮಗುಚಿ ಇಟ್ಟು ಹದಿನೈದು ಎಣಿಸುವಷ್ಟು ಅದುಮಿ ಹಿಡಿಯಿರಿ. ಬಣ್ಣ, ವಾರ್ನಿಶ್ ಇಲ್ಲದ ಮರದ ಮಣೆಯಾಗಬೇಕು. ಮರ ಆವಿ ಹೀರಿಕೊಳ್ಳುತ್ತದೆ, ಬಟ್ಟೆ ಚಪ್ಪಟೆಯಾಗಿಯೇ ತಣಿಯುತ್ತದೆ. ಪೂರ್ತಿ ತಣಿಯುವ ಮುಂಚೆ ತುಂಡನ್ನು ಎತ್ತಿದರೆ ಹಿಗ್ಗುತ್ತದೆ.

ಎರಡು ಎಚ್ಚರ. ಗುರುತು ಹಾಕುವ ನೀಲಿ ಪೆನ್ನು, ನೀರಿಗೆ ಹೋಗುವಂಥದ್ದು, ತೊಳೆಯುವ ಮೊದಲು ಬಿಸಿ ತಾಗಿದರೆ ಅಲ್ಲೇ ಉಳಿದುಬಿಡಬಹುದು. ಮತ್ತೆ, ಒಳಗೆ ಪಾಲಿಯೆಸ್ಟರ್ ಹಾಸು ಹಾಕಿ ಮುಗಿಸಿದ ಕೌದಿಯ ಮೇಲೆ ಪೆಟ್ಟಿಗೆ ಇಡಲೇಬೇಡಿ. ಉಬ್ಬೆಲ್ಲ ಹೋಗಿ ರಟ್ಟಾಗುತ್ತದೆ.

ಗಂಜಿ, ಅಂಟು, ತಳದ ಕೊಳೆ

ತಳ ಹಾಳಾಗುವುದಕ್ಕೆ ಮುಕ್ಕಾಲು ಪಾಲು ಕಾರಣ ಗಂಜಿ. ಗಂಜಿ ಹಾಕದೆ ತ್ರಿಕೋನ ಕತ್ತರಿಸುವುದೂ ಕಷ್ಟ. ನಾನು ಅರ್ಧ ಲೀಟರ್ ನೀರು ಕುದಿಸಿ, ತಣ್ಣೀರಿನಲ್ಲಿ ಕಲಸಿದ ಒಂದು ಟೀ ಚಮಚ ಕಾರ್ನ್‌ಫ್ಲೋರ್ ಹಾಕಿ, ಒಂದು ನಿಮಿಷ ಕದಡಿ, ಸೋಸಿ ಬಾಟಲಿಗೆ ತುಂಬುತ್ತೇನೆ. ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ. ಸಿಂಪಡಿಸಿದ ಕೂಡಲೇ ಇಸ್ತ್ರಿ ಮಾಡುವುದೇ ತಪ್ಪು. ಹಸಿ ಗಂಜಿ ತಳಕ್ಕೆ ಹತ್ತಿ ಸೀದು ಕಂದಾಗುತ್ತದೆ, ಆಮೇಲೆ ಪದರ ಪದರ ಎದ್ದು ಬಿಳಿ ಬಟ್ಟೆಗೆ ಅಂಟುತ್ತದೆ. ಗಂಜಿ ಬಟ್ಟೆಯೊಳಗೆ ಇಳಿದು, ಮುಟ್ಟಿದರೆ ತಂಪು ಅನ್ನಿಸುವಷ್ಟು ಒಣಗಲಿ. ಉಲ್ಟಾ ಬದಿಯಿಂದ ಇಸ್ತ್ರಿ ಮಾಡಿ. ಗಂಜಿ ಹಾಕಿದ ತುಂಡುಗಳನ್ನು ತಿಂಗಳುಗಟ್ಟಲೆ ಟ್ರಂಕಿನಲ್ಲಿ ಇಟ್ಟರೆ ಜಿರಲೆಗೆ ಹಬ್ಬ.

ಕೆಲಸ ಮುಗಿದ ಮೇಲೆ, ತಳ ತಣಿದಿರುವಾಗ, ಒದ್ದೆ ಬಟ್ಟೆಯಿಂದ ಒರೆಸುವುದು ದಿನದ ರೂಢಿಯಾಗಲಿ. ಕಂದು ಕಲೆ ಆಗಲೇ ಕೂತಿದ್ದರೆ ಪ್ಲಗ್ ತೆಗೆದು, ತಳ ಬೆಚ್ಚಗಿರುವಾಗ, ಅಡುಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಹತ್ತಿ ಬಟ್ಟೆಯಲ್ಲಿ ಮೆಲ್ಲಗೆ ಉಜ್ಜಿ. ಎರಡು ಸಲ ಒದ್ದೆ ಬಟ್ಟೆಯಿಂದ ಒರೆಸಿ. ತೂತುಗಳಲ್ಲಿ ಸೋಡಾ ಕೂತರೆ ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ತೆಗೆಯಿರಿ.

ಬ್ಲೌಸಿನ ಕೊರಳಿಗೆ ಟೈಲರುಗಳು ಹಾಕುವ ಅಂಟಿನ ಕ್ಯಾನ್ವಾಸ್ ಗೊತ್ತಲ್ಲ? ಹೂವು, ಎಲೆ ಕತ್ತರಿಸಿ ಅಂಟಿಸುವ ಕೌದಿಗೆ ಅಂಥದ್ದೇ ಬಳಸುತ್ತೇವೆ. ಅಂಟಿನ ಬದಿ ಮೇಲಾಗಿ ಇಟ್ಟು ಪೆಟ್ಟಿಗೆ ಇಡದವರು ಯಾರೂ ಇಲ್ಲ. ಆದಾಗ ಗಾಬರಿ ಬೇಡ, ತಣಿಯಲು ಬಿಡಲೂ ಬೇಡ. ಪ್ಲಗ್ ಕಿತ್ತು, ಬಿಸಿ ಇರುವಾಗಲೇ ಹಳೇ ಜೀನ್ಸ್ ತುಂಡಿನ ಮೇಲೆ ಜಾಗ ಬದಲಿಸುತ್ತ ಉಜ್ಜಿ. ಅಂಟು ಜೀನ್ಸಿಗೆ ಬರುತ್ತದೆ. ಬರೀ ಲೋಹದ ತಳವಾದರೆ ಕಂದು ಕಾಗದದ ಮೇಲೆ ಪುಡಿ ಉಪ್ಪು ಹರಡಿ ಅದರ ಮೇಲೂ ಓಡಿಸಬಹುದು. ನಾನ್‌ಸ್ಟಿಕ್ಕಿಗೆ ಉಪ್ಪು ಬೇಡ. ಮುಂದಿನ ಸಲ ಕೆಳಗೂ ಮೇಲೂ ಬೇಕಿಂಗ್ ಪೇಪರ್ ಇಟ್ಟುಕೊಳ್ಳಿ. ಪಾಲಿಯೆಸ್ಟರ್ ಕರಗಿ ಹತ್ತಿದ್ದರೆ ಮೆತ್ತಗಾಗುವಷ್ಟು ಕಾಯಿಸಿ, ಪ್ಲಗ್ ತೆಗೆದು, ಮರದ ಸೌಟಿನ ಅಂಚಿನಿಂದ ಎಬ್ಬಿಸಿ. ಚಾಕು, ಪಾತ್ರೆ ಉಜ್ಜುವ ಸ್ಟೀಲ್ ನಾರು ಮುಟ್ಟಿಸಬೇಡಿ.

ಜ್ವರದ ಮಾತ್ರೆಯನ್ನು ಬಿಸಿ ತಳಕ್ಕೆ ಉಜ್ಜುವ ಉಪಾಯ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಕಲೆ ಹೋಗುತ್ತದೆ, ನಾನೂ ಮಾಡಿದ್ದೇನೆ. ಕಣ್ಣುರಿಯುವ ಹೊಗೆ, ಸುಟ್ಟ ಬೆರಳು. ಸೋಡಾ ಸಾಕು.

ಆವಿ ಪೆಟ್ಟಿಗೆ ಇದ್ದವರಿಗೆ

ಬೋರ್‌ವೆಲ್ ನೀರು ಹಾಕಬೇಡಿ. ಸ್ನಾನದ ಹಂಡೆಯ ಒಳಗೆ ಕಟ್ಟುವ ಬಿಳೀ ಸುಣ್ಣವೇ ಇಲ್ಲೂ ಕಟ್ಟುವುದು. ಫಿಲ್ಟರಿನ ನೀರು ಹಾಕಿ, ಅಥವಾ ಜೊತೆಗೆ ಬಂದ ಪುಸ್ತಕದಲ್ಲಿ ಹೇಳಿದ ಹಾಗೆ ಬೆರೆಸಿ. ವಿನೆಗರ್ ಬೇಡ ಅಂತ ಬಹಳ ಕಂಪನಿಗಳ ಪುಸ್ತಕದಲ್ಲೇ ಬರೆದಿರುತ್ತದೆ. ಸುವಾಸನೆಯ ನೀರೂ ಬೇಡ. ಕೆಲಸ ಮುಗಿದ ಪ್ರತಿ ಸಲ ಉಳಿದ ನೀರು ಚೆಲ್ಲಿ. ತಿಂಗಳಿಗೊಮ್ಮೆ ನೀರು ತುಂಬಿ, ಪೂರ್ತಿ ಕಾಯಿಸಿ, ಪ್ಲಗ್ ತೆಗೆದು, ಸಿಂಕಿನ ಮೇಲೆ ಹಿಡಿದು ಸ್ವಚ್ಛ ಮಾಡುವ ಗುಂಡಿ ಒತ್ತಿ ಅಲ್ಲಾಡಿಸಿ. ಬಿಳೀ ಪುಡಿ, ಕಂದು ನೀರು ಅಲ್ಲೇ ಬೀಳಲಿ. ನಾನು ಇದನ್ನು ಮಾಡಿರಲಿಲ್ಲ, ಅದಕ್ಕೇ ಆ ಚೌಕ ಹೋಯಿತು.

ವೈರು ಮತ್ತು ರಿಪೇರಿ

ಪೆಟ್ಟಿಗೆ ಸಾಯುವುದು ಹೆಚ್ಚಾಗಿ ವೈರಿನಿಂದ. ಹಿಡಿಯ ಹಿಂದೆ ವೈರು ಒಳಗೆ ಹೋಗುವ ಜಾಗದಲ್ಲಿ ಅದು ಬಾಗಿ ಬಾಗಿ ಒಳಗಿನ ತಂತಿ ಎಳೆಎಳೆಯಾಗಿ ಕಡಿಯುತ್ತದೆ. ಪೆಟ್ಟಿಗೆ ಅಲ್ಲಾಡಿಸಿದಾಗ ದೀಪ ಮಿಣುಕಿದರೆ ಅದೇ ಲಕ್ಷಣ. ಬಟ್ಟೆ ಸುತ್ತಿ, ಟೇಪು ಹಚ್ಚಿ ಇನ್ನೊಂದು ವಾರ ಓಡಿಸಬೇಡಿ, ವೈರು ಬದಲಿಸಿ. ಬಿಸಿ ಪೆಟ್ಟಿಗೆಗೆ ವೈರು ಸುತ್ತಬೇಡಿ, ತಣಿದ ಮೇಲೂ ಬಿಗಿಯಾಗಿ ಸುತ್ತಬೇಡಿ. ಪ್ಲಗ್ ಕೀಳುವಾಗ ವೈರು ಹಿಡಿದು ಎಳೆಯಬೇಡಿ. ಮಕ್ಕಳಿಗೆ ಹೇಳುವ ಮಾತು ಇದು, ದೊಡ್ಡವರೇ ಜಾಸ್ತಿ ಮಾಡುತ್ತೇವೆ.

ಟಿಕ್ ಸದ್ದು ನಿಂತು, ದೀಪ ಆರದೆ, ಬಿಸಿ ಏರುತ್ತಲೇ ಹೋದರೆ ಥರ್ಮೋಸ್ಟಾಟ್, ಅಂದರೆ ಬಿಸಿಗೆ ಕರೆಂಟ್ ಕಡಿಯುವ ಆ ಭಾಗ, ಕೆಟ್ಟಿದೆ. ತಕ್ಷಣ ಪ್ಲಗ್ ತೆಗೆಯಿರಿ. ದೀಪ ಉರಿದರೂ ತಳ ಕಾಯದಿದ್ದರೆ ಸಾಮಾನ್ಯವಾಗಿ ಕಾಯಿಲ್ ಹೋಗಿರುತ್ತದೆ. ಹಳೇ ಮಾದರಿಯ ಭಾರದ ಪೆಟ್ಟಿಗೆಗಳಲ್ಲಿ ಕಾಯಿಲ್ಲು ಅಭ್ರಕದ ಹಾಳೆಯ ಮೇಲೆ ಸುತ್ತಿ ಬೇರೆಯೇ ಇರುತ್ತದೆ. ಬೀದಿಯ ರಿಪೇರಿ ಅಂಗಡಿಯಲ್ಲೇ ಬದಲಿಸಿ ಕೊಡುತ್ತಾರೆ. ಹೊಸ ಹಗುರ ಮಾದರಿಗಳಲ್ಲಿ ಅದು ತಳದೊಳಗೇ ಎರಕ ಹೊಯ್ದಿರುತ್ತದೆ. ಅದು ಹೋದರೆ ತಳವೇ ಹೋದಂತೆ. ಕೊಳ್ಳುವಾಗಲೇ ಅಂಗಡಿಯವನನ್ನು ಕೇಳಿ, "ಇದರ ಕಾಯಿಲ್ ಬೇರೆ ಸಿಗುತ್ತದಾ?" ಅಂತ. ಸಿಗುತ್ತದೆ ಅಂದದ್ದನ್ನೇ ನಾನು ತಂದದ್ದು. ಒಂದು ಸಲ ಕಾಯಿಲ್, ಎರಡು ಸಲ ವೈರು ಬದಲಾಗಿದೆ. ತಳ ಅದೇ.

ಮುಟ್ಟಿದರೆ ಜುಮ್ ಅಂದರೆ ಅರ್ಥಿಂಗ್ ತಪ್ಪಿದೆ, ಪೆಟ್ಟಿಗೆಯದೋ ಮನೆಯದೋ. ಎರಡನ್ನೂ ಎಲೆಕ್ಟ್ರಿಷಿಯನ್ನಿಗೆ ತೋರಿಸಿ. ಅಂಗಡಿಯಿಂದ ರಿಪೇರಿಯಾಗಿ ಬಂದ ಪೆಟ್ಟಿಗೆಯನ್ನು ಮೊದಲ ಸಲ ಹಚ್ಚುವಾಗ ಕೈ ಇಡುವ ಮುಂಚೆ ಲೋಹದ ಭಾಗಕ್ಕೆ ಟೆಸ್ಟರ್ ತಾಗಿಸಿ. ಅದರ ದೀಪ ಹತ್ತಿದರೆ ಸ್ವಿಚ್ ಆರಿಸಿ, ವಾಪಸ್ ತೆಗೆದುಕೊಂಡು ಹೋಗಿ.